ಪೆಟ್ಟು ಮಾಗಿದ ಮೇಲೂ ಉಳಿಯುವ ತಲೆನೋವು: ಮಾತ್ರೆ ಕೆಲಸ ಮಾಡಿತೆಂದು ಹೇಳುವುದು ಹೇಗೆ?

ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾಗಿ ತಿಂಗಳುಗಟ್ಟಲೆ ಬಿಡದ ತಲೆನೋವಿಗೆ ಎಂದೇ ಮಂಜೂರಾದ ಮಾತ್ರೆ ಒಂದೂ ಇಲ್ಲ. ಮುಂಬಯಿ ಇರಲಿ, ಪುಣೆ ಇರಲಿ, ಗೋವಾ ಇರಲಿ, ಓಪಿಡಿಯಲ್ಲಿ ಇದಕ್ಕೆ ಬರೆದುಕೊಡುವ ಅಮಿಟ್ರಿಪ್ಟಿಲಿನ್, ಪ್ರೊಪ್ರಾನೊಲಾಲ್, ಟೊಪಿರಾಮೇಟ್, ಫ್ಲುನಾರಿಜಿನ್ ಎಲ್ಲವೂ ಬೇರೆ ತಲೆನೋವುಗಳ, ಮುಖ್ಯವಾಗಿ ಮೈಗ್ರೇನಿನ, ಚಿಕಿತ್ಸೆಯಿಂದ ಕಡ ತಂದವು. ಹಾಗೆ ತರುವುದರಲ್ಲಿ ತಪ್ಪಿಲ್ಲ, ಬೇರೆ ದಾರಿಯೂ ಇಲ್ಲ. ಆದರೆ ಕಡ ತಂದ ಪ್ರತಿ ಮಾತ್ರೆಯೂ ಆ ರೋಗಿಯ ಮೇಲೆ ನಡೆಯುವ ಒಂದು ಪರೀಕ್ಷೆ. ಪರೀಕ್ಷೆ ಎಂದ ಮೇಲೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಅಳತೆ ಬೇಕು. ಆ ಅಳತೆ ಇಟ್ಟುಕೊಳ್ಳದೆ ಎರಡು ವಾರಕ್ಕೊಂದು ಮಾತ್ರೆ ಬದಲಿಸುತ್ತ ಹೋಗುವುದೇ ಈ ಕಾಯಿಲೆಯ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ದೊಡ್ಡ ದೋಷ ಎಂಬುದು ಈ ಲೇಖನದ ವಾದ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಗಾಯಗೊಂಡವರು 4,43,366 ಮಂದಿ. ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದವರು, ಕಟ್ಟಡದ ಮೇಲಿಂದ ಬಿದ್ದವರು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಪಿಂಪ್ರಿ-ಚಿಂಚವಾಡದ ಕಟ್ಟಡ ಕೆಲಸಕ್ಕೆ ಬಂದವರು, ವಾಸ್ಕೋ ಪಕ್ಕದ ಬೈನಾ, ಝುವಾರಿನಗರದಲ್ಲಿ ನೆಲೆ ನಿಂತ ಕೂಲಿಕಾರರು, ಮುಂಬಯಿ ಹೋಟೆಲುಗಳ ಒಲೆಯ ಮುಂದೆ ನಿಲ್ಲುವ ಕುಂದಾಪುರ, ಉಡುಪಿ ಕಡೆಯ ಹುಡುಗರು, ಇವರಲ್ಲಿ ಬಹಳ ಜನಕ್ಕೆ ಹೊಲಿಗೆ ಬಿಚ್ಚಿದ ದಿನವೇ ಆಸ್ಪತ್ರೆಯ ನಂಟು ಮುಗಿಯುತ್ತದೆ. ತಲೆನೋವು ಮುಗಿಯುವುದಿಲ್ಲ. ಅಲ್ಲಿಂದ ಮುಂದೆ ಓಣಿಯ ಮೆಡಿಕಲ್ ಅಂಗಡಿಯೇ ಅವರ ಓಪಿಡಿ.

ಏಳು ದಿನ, ಮೂರು ತಿಂಗಳು

ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದ 2018ರ ಮೂರನೇ ಆವೃತ್ತಿ ಎರಡು ಗಡುವು ಹಾಕಿದೆ. ಪೆಟ್ಟು ಬಿದ್ದ 7 ದಿನದೊಳಗೆ ನೋವು ಶುರುವಾಗಿರಬೇಕು. ಪ್ರಜ್ಞೆ ತಪ್ಪಿದ್ದರೆ ಎಚ್ಚರವಾದ ದಿನದಿಂದ ಎಣಿಕೆ. ಕಾಲು ಮುರಿದೋ ಪಕ್ಕೆಲುಬು ಮುರಿದೋ ಬಲವಾದ ನೋವಿನ ಔಷಧಿಯ ಮೇಲಿದ್ದವರಿಗೆ ಆ ಔಷಧಿ ನಿಲ್ಲಿಸಿದ ದಿನದಿಂದ ಎಣಿಕೆ. ಹೀಗೆ ಶುರುವಾದದ್ದು 3 ತಿಂಗಳು ದಾಟಿದರೆ ಅದನ್ನು ಬೇರೂರಿದ ತಲೆನೋವು ಎಂದು ಪರಿಗಣಿಸುತ್ತಾರೆ.

ಇಲ್ಲೊಂದು ಸಣ್ಣ ಕೆಲಸ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಹೊಲಿಗೆ, ಸ್ಕ್ಯಾನ್, ಇಂಜೆಕ್ಷನ್ ಎಲ್ಲ ಬರೆದಿರುತ್ತದೆ, ತಲೆನೋವು ಇತ್ತೇ ಎಂಬುದು ಬಿಟ್ಟುಹೋಗಿರುತ್ತದೆ. ಮೊದಲ ವಾರದಲ್ಲಿ ನೋವಿದ್ದರೆ ಕೇಸ್ ಪೇಪರಿನಲ್ಲಿ ದಿನಾಂಕದ ಸಮೇತ ಬರೆಯಿರಿ ಎಂದು ಕೇಳಬೇಕು. ರೋಗನಿರ್ಣಯಕ್ಕೂ, ಮುಂದೆ ಯಾವುದಾದರೂ ಔಷಧ ಪರೀಕ್ಷೆಗೆ ಸೇರಲೂ, ಅಪಘಾತ ಪರಿಹಾರದ ಮೊಕದ್ದಮೆಗೂ ಆ ಒಂದು ಸಾಲು ಆಧಾರ.

ಪೆಟ್ಟು ಸಣ್ಣದಾಗಿದ್ದರೆ ನೋವೂ ಸಣ್ಣದು ಎಂಬ ನಂಬಿಕೆ ತಪ್ಪು. ಸಿಟಿ ಸ್ಕ್ಯಾನ್ ಸ್ವಚ್ಛವಾಗಿದ್ದವರಲ್ಲೂ ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಹೆಚ್ಚಿನವರ ನೋವು ಮೈಗ್ರೇನಿನ ರೂಪ ತಾಳುತ್ತದೆ: ಪಟಪಟ ಮಿಡಿತ, ಬೆಳಕು, ಸದ್ದು ಸಹಿಸಲಾಗದಿರುವುದು, ವಾಕರಿಕೆ. ಇನ್ನು ಕೆಲವರಿಗೆ ತಲೆಗೆ ಪಟ್ಟಿ ಬಿಗಿದಂಥ ಒತ್ತಡದ ನೋವು. ಯಾವ ರೂಪ ಎಂಬುದನ್ನು ನೋಡಿಯೇ ವೈದ್ಯರು ಯಾವ ಕಡೆಯಿಂದ ಮಾತ್ರೆ ಕಡ ತರಬೇಕೆಂದು ತೀರ್ಮಾನಿಸುವುದು.

ಮಾತ್ರೆ ಪರೀಕ್ಷಿಸುವ ಮುನ್ನ ಬೇರೆ ಕಾರಣಗಳನ್ನು ತಳ್ಳಿಹಾಕಲೇಬೇಕು. ಮೊದಲ ದಿನದ ಸ್ಕ್ಯಾನ್ ಸರಿಯಿದ್ದರೂ ಮೂರು ನಾಲ್ಕು ವಾರದ ಬಳಿಕ ಮೆದುಳಿನ ಹೊರಪೊರೆಯ ಕೆಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡಿರಬಹುದು. ವಯಸ್ಸಾದವರಲ್ಲಿ, ರೋಜು ಮದ್ಯ ಕುಡಿಯುವವರಲ್ಲಿ, ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಎಂಬ ರಕ್ತ ತೆಳುಮಾಡುವ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಎದ್ದು ನಿಂತರೆ ನೋವು ಏರಿ, ಮಲಗಿದರೆ ಇಳಿಯುತ್ತಿದ್ದರೆ, ಮೂಗಿನಿಂದ ನೀರಿನಂಥ ದ್ರವ ತೊಟ್ಟಿಕ್ಕುತ್ತಿದ್ದರೆ, ಅದು ಮೆದುಳಿನ ಸುತ್ತಲಿನ ದ್ರವ ಸೋರುತ್ತಿರುವ ಲಕ್ಷಣ. ದಿನದಿಂದ ದಿನಕ್ಕೆ ಏರುವ ನೋವು, ಮಂಪರು, ವಾಂತಿ, ಫಿಟ್ಸ್, ಕೈಕಾಲಿನ ಬಲ ಕುಗ್ಗುವುದು, ಎರಡು ಕಣ್ಣಿನ ಪಾಪೆಗಳು ಒಂದೇ ಅಳತೆ ಇಲ್ಲದಿರುವುದು, ಇವು ಕಂಡರೆ ಡೈರಿಯೂ ಬೇಡ, ಮಾತ್ರೆಯೂ ಬೇಡ, ನೇರ ಕ್ಯಾಶುವಾಲ್ಟಿಗೆ ಹೋಗಬೇಕು. ಕುತ್ತಿಗೆಯ ಗಾಯವೂ ತಲೆನೋವಾಗಿ ಕಾಣಿಸಿಕೊಳ್ಳುತ್ತದೆ. ತಲೆಯ ಹಿಂಬದಿಯ ನರ ಒತ್ತಿದಾಗ ಸುಳುಕಿನಂತೆ ನೋವು ಹಾಯುತ್ತಿದ್ದರೆ ಮಾತ್ರೆಗಿಂತ ಆ ಜಾಗಕ್ಕೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಕೆಲಸಕ್ಕೆ ಬರಬಹುದು.

ಮೊದಲು ಎಣಿಸಬೇಕಾದದ್ದು ನೋವಿನ ಮಾತ್ರೆಗಳನ್ನು

ಬೇರೂರಿದ ತಲೆನೋವಿನವರು ಹೊಸ ಔಷಧಿ ಕೇಳಿಕೊಂಡು ಬಂದಾಗ ಅವರ ಜೇಬಿನಲ್ಲಿ ಆಗಲೇ ಇರುವ ಸ್ಟ್ರಿಪ್ ನೋಡಬೇಕು. ಪ್ಯಾರಸಿಟಮಾಲ್, ಐಬುಪ್ರೊಫೆನ್, ಡಿಕ್ಲೋಫೆನಾಕ್‌ನಂಥ ಸಾದಾ ಮಾತ್ರೆಗಳನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವನ್ನು ಸಾಕುತ್ತದೆ. ಎರಡು ಮೂರು ಔಷಧಿ ಬೆರೆಸಿದ ಮಾತ್ರೆಗಳು, ಮೈಗ್ರೇನಿಗೆ ಕೊಡುವ ಎರ್ಗೊಟಮಿನ್, ಟ್ರಿಪ್ಟಾನ್‌ಗಳು, ಬಲವಾದ ನೋವುಶಾಮಕ ಟ್ರಮಡಾಲ್ ಆದರೆ ಗಡಿ ಇನ್ನೂ ಕಡಿಮೆ, ತಿಂಗಳಿಗೆ 10 ದಿನ. ನಮ್ಮ ಅಂಗಡಿಗಳಲ್ಲಿ ಎರ್ಗೊಟಮಿನ್, ಕೆಫೀನ್, ಪ್ಯಾರಸಿಟಮಾಲ್, ಪ್ರೊಕ್ಲೋರ್‌ಪೆರಜಿನ್ ನಾಲ್ಕನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದ್ದು ಸಲೀಸಾಗಿ ಸಿಗುತ್ತದೆ. ಕೇಳಿ ಕೊಳ್ಳುವವರಿಗೆ ಅದರ ಹೆಸರಷ್ಟೇ ಗೊತ್ತು, ಒಳಗೇನಿದೆ ಎಂಬುದು ಗೊತ್ತಿಲ್ಲ. ಆದ್ದರಿಂದ ಓಪಿಡಿಗೆ ಬರುವಾಗ ಖಾಲಿ ಸ್ಟ್ರಿಪ್‌ಗಳನ್ನೇ ತರುವುದು ಲೇಸು.

ಎಣಿಸಬೇಕಾದದ್ದು ದಿನಗಳನ್ನು, ಮಾತ್ರೆಗಳನ್ನಲ್ಲ. ಒಂದೇ ದಿನ ಮೂರು ನುಂಗಿದರೂ ಅದು ಒಂದು ದಿನ. ಮೂರು ದಿನ ಒಂದೊಂದು ನುಂಗಿದರೆ ಮೂರು ದಿನ. ದಿನಕ್ಕೊಂದೇ ಅಲ್ಲವೇ ಎಂದು ಸಮಾಧಾನ ಪಟ್ಟುಕೊಳ್ಳುವವರು ತಿಂಗಳಿಗೆ 30 ದಿನ ತೆಗೆದುಕೊಳ್ಳುತ್ತಿದ್ದಾರೆ ಎಂದೇ ಅರ್ಥ.

ಸಾದಾ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಎರಡರಿಂದ ಹತ್ತು ದಿನ ನೋವು ಮೊದಲಿಗಿಂತ ಜೋರಾಗುತ್ತದೆ. ಇದನ್ನು ಮುಂಚೆಯೇ ಹೇಳದಿದ್ದರೆ ರೋಗಿ ಮೂರನೇ ದಿನವೇ ಮತ್ತೆ ಅಂಗಡಿಗೆ ಹೋಗುತ್ತಾನೆ, ಅದರಲ್ಲಿ ಅವನ ತಪ್ಪಿಲ್ಲ. ಟ್ರಮಡಾಲ್‌ನಂಥವನ್ನೂ ನಿದ್ದೆ ಮಾತ್ರೆಗಳನ್ನೂ ಮಾತ್ರ ಒಮ್ಮೆಗೇ ನಿಲ್ಲಿಸಬಾರದು, ವೈದ್ಯರ ಲೆಕ್ಕದಂತೆ ಹಂತಹಂತವಾಗಿ ಇಳಿಸಬೇಕು. ಈ ಹೆಜ್ಜೆ ತಪ್ಪಿಸಿ ಹೊಸ ಔಷಧಿ ಶುರುಮಾಡಿದರೆ ಪರೀಕ್ಷೆಯ ಫಲಿತಾಂಶವೇ ಓದಲಾಗುವುದಿಲ್ಲ. ನೋವು ಇಳಿದದ್ದು ಹೊಸ ಮಾತ್ರೆಯಿಂದಲೋ, ಹಳೆಯದನ್ನು ಬಿಟ್ಟದ್ದರಿಂದಲೋ ಎಂದು ಯಾರೂ ಹೇಳಲಾರರು.

ಹುಸಿಮಾತ್ರೆ ಇಲ್ಲದೆ ಸತ್ಯ ತಿಳಿಯದು

ಔಷಧ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಔಷಧಿಯಿಲ್ಲದ ಹುಸಿಮಾತ್ರೆ ಕೊಡುತ್ತಾರೆ ಎಂದರೆ ಮೋಸವೆಂದು ಭಾವಿಸುವವರಿದ್ದಾರೆ. ಈ ತಲೆನೋವಿನ ಮಟ್ಟಿಗೆ ಅದು ಅನಿವಾರ್ಯ. ಕಾರಣ ಮೂರು. ಮೊದಲ ಮೂರು ತಿಂಗಳಲ್ಲಿ ಬಹಳ ಜನರ ನೋವು ತಾನಾಗಿಯೇ ಇಳಿಯುತ್ತದೆ, ಆಗ ಯಾವ ಮಾತ್ರೆ ಕೊಟ್ಟರೂ ಅದಕ್ಕೆ ಹೆಸರು ಬರುತ್ತದೆ. ಜನ ಆಸ್ಪತ್ರೆಗೆ ಬರುವುದು ನೋವು ತಾರಕಕ್ಕೇರಿದಾಗ, ಅಲ್ಲಿಂದ ಮುಂದೆ ಅದು ಇಳಿಯುವ ಸಾಧ್ಯತೆಯೇ ಹೆಚ್ಚು. ಮೂರನೆಯದು ನಿರೀಕ್ಷೆ: ಹೊಸ ಔಷಧಿ ಬಂದಿದೆ, ಯಾರೋ ವಾರವಾರ ವಿಚಾರಿಸುತ್ತಿದ್ದಾರೆ ಎಂಬುದೇ ನೋವನ್ನು ನಿಜವಾಗಿ ತಗ್ಗಿಸುತ್ತದೆ. ಇದು ನಟನೆಯಲ್ಲ.

ಎಷ್ಟರ ಮಟ್ಟಿಗೆ ತಗ್ಗಿಸುತ್ತದೆ ಎಂಬುದಕ್ಕೆ 2023ರಲ್ಲಿ ಪ್ರಕಟವಾದ ಪ್ರಜೋಸಿನ್ ಪರೀಕ್ಷೆ ನೋಡಿ. ಪ್ರಜೋಸಿನ್ ಹಳೆಯ ರಕ್ತದೊತ್ತಡದ ಔಷಧಿ. ಅಮೆರಿಕದಲ್ಲಿ ತಲೆಗೆ ಸೌಮ್ಯ ಪೆಟ್ಟಾದ ಮಾಜಿ, ಹಾಲಿ ಸೈನಿಕರು 48 ಮಂದಿ ಅದರಲ್ಲಿದ್ದರು. ಚೀಟಿ ಎತ್ತಿದ ಹಾಗೆ, ಔಷಧಿಗೆ ಇಬ್ಬರಾದರೆ ಹುಸಿಮಾತ್ರೆಗೆ ಒಬ್ಬರಂತೆ ಹಂಚಿದರು. ಐದು ವಾರ ಪ್ರಮಾಣ ಏರಿಸಿ, 12 ವಾರ ಅದೇ ಪ್ರಮಾಣ ಮುಂದುವರಿಸಿದರು. ಗರಿಷ್ಠ ಪ್ರಮಾಣ ಬೆಳಗ್ಗೆ 5 ಮಿ.ಗ್ರಾಂ, ರಾತ್ರಿ 20 ಮಿ.ಗ್ರಾಂ. ಶುರುವಿನಲ್ಲಿ ಎರಡೂ ಗುಂಪಿಗೆ ನಾಲ್ಕು ವಾರದಲ್ಲಿ ಸುಮಾರು 18 ನೋವಿನ ದಿನ. ಕೊನೆಗೆ ಪ್ರಜೋಸಿನ್ ಗುಂಪಿನಲ್ಲಿ ಸರಾಸರಿ 11.9 ದಿನ ಕಡಿಮೆಯಾಯಿತು, ಹುಸಿಮಾತ್ರೆಯವರಲ್ಲಿ 6.7 ದಿನ. ನೋವಿನ ದಿನಗಳು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 70, ಎರಡನೆಯದರಲ್ಲಿ ನೂರಕ್ಕೆ 29.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಏನೂ ಔಷಧಿ ಇಲ್ಲದೆ ವಾರಕ್ಕೆ ಒಂದೂವರೆ ದಿನಕ್ಕೂ ಹೆಚ್ಚು ನೋವು ಇಳಿದಿದೆ. ಔಷಧಿಯ ಸ್ವಂತ ಗಳಿಕೆ ಎರಡರ ವ್ಯತ್ಯಾಸ, ಅಂದರೆ ನಾಲ್ಕು ವಾರಕ್ಕೆ ಸುಮಾರು 5 ದಿನ. ನೋವಿನಲ್ಲಿ ಕೂಲಿ ಕಳೆದುಕೊಳ್ಳುವವನಿಗೆ 5 ದಿನ ಸಣ್ಣದಲ್ಲ, ಆದ್ದರಿಂದ ಇದು ಭರವಸೆಯ ಫಲಿತಾಂಶವೇ. ಆದರೆ 48 ಜನರ ಪರೀಕ್ಷೆ ಒಂದು ಮೊದಲ ಹೆಜ್ಜೆ ಮಾತ್ರ. ದೊಡ್ಡ ಪರೀಕ್ಷೆಯಲ್ಲಿ ಇದೇ ಅಂಕಿ ಮತ್ತೆ ಬರದೆ ಇದನ್ನು ಎಲ್ಲರಿಗೂ ಬರೆಯುವಂತಿಲ್ಲ. ಮೇಲಾಗಿ ಪ್ರಜೋಸಿನ್‌ನ ಮೊದಲ ಗುಳಿಗೆಯೇ ರಕ್ತದೊತ್ತಡವನ್ನು ದಿಢೀರನೆ ಇಳಿಸಿ ಕಣ್ಣುಕತ್ತಲೆ ಬರಿಸಬಹುದು. ಅದಕ್ಕೇ 1 ಮಿ.ಗ್ರಾಂನಿಂದ, ಮಲಗುವ ಹೊತ್ತಿಗೆ ಶುರುಮಾಡುವುದು ವಾಡಿಕೆ. ನಮ್ಮಲ್ಲಿ ರಕ್ತದೊತ್ತಡಕ್ಕೆಂದು ಸಾಮಾನ್ಯವಾಗಿ ಸಿಗುವ 2.5 ಮತ್ತು 5 ಮಿ.ಗ್ರಾಂ ಮಾತ್ರೆಗಳು ಔಷಧಿಯನ್ನು ನಿಧಾನವಾಗಿ ಬಿಡುವ ಬಗೆಯವು. ಆ ಪರೀಕ್ಷೆಯ ಮಿಲಿಗ್ರಾಂಗಳನ್ನು ಇವಕ್ಕೆ ಹಾಗೇ ಅನ್ವಯಿಸಲಾಗದು. ಬಿದಿರಿನ ಅಟ್ಟಣಿಗೆಯ ಮೇಲೆ ನಿಂತು ಕೆಲಸ ಮಾಡುವವರು ಇದನ್ನು ತಾವೇ ತಂದು ನುಂಗುವುದು ಎರಡನೇ ಪೆಟ್ಟಿಗೆ ದಾರಿ.

ಹೋಲಿಕೆಯ ಗುಂಪು ಏಕೆ ಬೇಕೆಂಬುದಕ್ಕೆ ಇನ್ನೂ ತೀಕ್ಷ್ಣ ಉದಾಹರಣೆ ಸಿಜಿಆರ್‌ಪಿ ಎಂಬ ನೋವಿನ ಸಂದೇಶವಾಹಕವನ್ನು ತಡೆಯುವ ಇಂಜೆಕ್ಷನ್‌ಗಳದು. ಈ ಬಗೆಯ ಮೊದಲ ಔಷಧಿ ಎರೆನುಮ್ಯಾಬ್‌ಗೆ 2018ರಲ್ಲಿ ಅಮೆರಿಕದಲ್ಲಿ ಮೈಗ್ರೇನ್ ತಡೆಗೆ ಮಂಜೂರಿ ಸಿಕ್ಕಿತು. ಡೆನ್ಮಾರ್ಕ್‌ನಲ್ಲಿ ಪೆಟ್ಟಿನ ನಂತರದ ಬೇರೂರಿದ ತಲೆನೋವಿನ 100 ಜನರಿಗೆ ಅದನ್ನು ತಿಂಗಳಿಗೆ 140 ಮಿ.ಗ್ರಾಂನಂತೆ 12 ವಾರ ಕೊಟ್ಟರು. ಮಧ್ಯಮ ಇಲ್ಲವೇ ಜೋರು ನೋವಿನ ದಿನಗಳು ತಿಂಗಳಿಗೆ 15.7ರಿಂದ ಸರಾಸರಿ 2.8 ದಿನ ಇಳಿದವು. ಹುಸಿಮಾತ್ರೆಯ ಗುಂಪು ಇರಲಿಲ್ಲ. ಅದೇ ಬಗೆಯ ಇನ್ನೊಂದು ಔಷಧಿ ಫ್ರೆಮನೆಜುಮ್ಯಾಬ್ ಅನ್ನು ಹುಸಿ ಇಂಜೆಕ್ಷನ್‌ನ ಎದುರಿಗಿಟ್ಟು ಪರೀಕ್ಷಿಸಿದಾಗ ಅದು ಹುಸಿಯನ್ನು ಮೀರಿಸಲಿಲ್ಲ. ಮೈಗ್ರೇನಿನಂತೆ ಕಾಣುವ ನೋವಿಗೆ ಮೈಗ್ರೇನಿನ ಔಷಧಿ ಹೊಂದಲೇಬೇಕು ಎಂಬ ಊಹೆಯನ್ನು ಇದರ ಮೇಲೆ ಪ್ರಶ್ನಿಸಲೇಬೇಕು. ಪ್ರಜೋಸಿನ್ ಪರೀಕ್ಷೆಯ ಹುಸಿಮಾತ್ರೆಯವರು ಗಳಿಸಿದ 6.7 ದಿನದ ಮುಂದೆ 2.8 ದಿನ ಎಷ್ಟು ತೂಗುತ್ತದೆ ಎಂದು ಯೋಚಿಸಿ. ಎರಡರ ಎಣಿಕೆಯ ಕ್ರಮ ಬೇರೆ, ನೇರ ಹೋಲಿಕೆ ಸಲ್ಲದು. ಆದರೆ ಹೋಲಿಕೆಯ ಗುಂಪಿಲ್ಲದ ಅಂಕಿಯನ್ನು ನಂಬಿ ದುಬಾರಿ ಇಂಜೆಕ್ಷನ್‌ಗೆ ಸಾಲ ಮಾಡುವ ಮುನ್ನ ನಿಲ್ಲಲು ಇಷ್ಟು ಸಾಕು.

ಪೆಟ್ಟು ಬಿದ್ದ ಹೊಸತರಲ್ಲಿ ಕೊಡುವ ಔಷಧಿಯ ಪರೀಕ್ಷೆ ಇದಕ್ಕಿಂತ ಸುಲಭ, ಫಲಿತಾಂಶ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. 2021ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಪರೀಕ್ಷೆಯಲ್ಲಿ 160 ಮಂದಿಗೆ ರಕ್ತನಾಳದ ಮೂಲಕ ವಾಂತಿ ತಡೆಯುವ ಔಷಧಿ ಮೆಟೊಕ್ಲೊಪ್ರಮೈಡ್ 20 ಮಿ.ಗ್ರಾಂ, ಜೊತೆಗೆ 25 ಮಿ.ಗ್ರಾಂ ಅಲರ್ಜಿಯ ಔಷಧಿ ಡೈಫೆನ್‌ಹೈಡ್ರಮಿನ್, ಇಲ್ಲವೇ ಹುಸಿ ಔಷಧಿ ಕೊಟ್ಟರು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಔಷಧಿಯವರಿಗೆ 5.2, ಹುಸಿಯವರಿಗೆ 3.8 ಇಳಿಯಿತು. ಇಲ್ಲೂ ಹುಸಿಯ ಪಾಲು ದೊಡ್ಡದೇ.

ಓಪಿಡಿಯಲ್ಲೇ ನಡೆಯಬಹುದಾದ ಪರೀಕ್ಷೆ

ದೊಡ್ಡ ಪರೀಕ್ಷೆಗಳಿಗೆ ಕಾಯುತ್ತ ಕೂರಲಾಗದು. ಒಬ್ಬ ರೋಗಿ, ಒಬ್ಬ ವೈದ್ಯರು, ಒಂದು ಮಾತ್ರೆ ಎಂಬ ಮಟ್ಟದಲ್ಲಿ ಶಿಸ್ತು ತರಬಹುದು.

ಮೊದಲ ನಾಲ್ಕು ವಾರ ಹೊಸ ಔಷಧಿ ಬೇಡ, ಎಣಿಕೆ ಮಾತ್ರ. ಅದಕ್ಕೆ ಆ್ಯಪ್ ಬೇಕಿಲ್ಲ. ಮುಂಬಯಿಯ ಕನ್ನಡ ಮನೆಗಳಲ್ಲಿ ತೂಗುವ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕವೇ ಸಾಕು. ನೋವಿದ್ದ ದಿನ ಸೊನ್ನೆಯಿಂದ ಹತ್ತರೊಳಗೆ ಆ ದಿನದ ಅತಿ ಹೆಚ್ಚಿನ ನೋವು, ಎಷ್ಟು ತಾಸು, ಯಾವ ಮಾತ್ರೆ, ಕೆಲಸ ತಪ್ಪಿತೇ, ರಾತ್ರಿ ಎಷ್ಟು ತಾಸು ನಿದ್ದೆ, ಇಷ್ಟು. ಅಕ್ಷರ ಬಾರದವರು ಸಣ್ಣ ನೋವಿಗೆ ಒಂದು ಗೀಟು, ಕೆಲಸ ಬಿಡಿಸಿದ ನೋವಿಗೆ ಎರಡು, ಮಾತ್ರೆ ತಗೊಂಡರೆ ಒಂದು ಸುತ್ತು ಹಾಕಿದರೆ ವೈದ್ಯರಿಗೆ ಬೇಕಾದ ಮುಕ್ಕಾಲು ಪಾಲು ಮಾಹಿತಿ ಸಿಕ್ಕಿತು. ರಾತ್ರಿ ಮಲಗುವ ಮುನ್ನವೇ ಬರೆಯಬೇಕು. ಓಪಿಡಿಯ ಸಾಲಿನಲ್ಲಿ ನಿಂತು ಕಳೆದ ತಿಂಗಳನ್ನು ನೆನಪಿಸಿಕೊಂಡರೆ ಕೊನೆಯ ಮೂರು ದಿನದ ನೋವೇ ಇಡೀ ತಿಂಗಳ ನೋವಾಗಿ ಕಾಣುತ್ತದೆ.

ನೋವಿನ ದಿನ ಎಂದರೇನು ಎಂಬುದನ್ನು ಮೊದಲೇ ನಿಗದಿ ಮಾಡಿ, ಉದಾಹರಣೆಗೆ ಅರ್ಧ ತಾಸಿಗಿಂತ ಹೆಚ್ಚು ಕಾಡಿದ ದಿನ. ನಡುವೆ ಈ ಅಳತೆ ಬದಲಿಸಬಾರದು.

ಆಮೇಲೆ ಒಂದೇ ಔಷಧಿ. ಅಮಿಟ್ರಿಪ್ಟಿಲಿನ್ ಆದರೆ ಸಾಮಾನ್ಯವಾಗಿ ರಾತ್ರಿ 10 ಮಿ.ಗ್ರಾಂನಿಂದ ಶುರುಮಾಡಿ ವಾರಕ್ಕೋ ಎರಡು ವಾರಕ್ಕೋ 10ರಂತೆ ಏರಿಸುತ್ತಾರೆ. ನಿದ್ದೆ ಕೆಟ್ಟವರಿಗೆ ಇದು ಅನುಕೂಲ. ಬಾಯಿ ಒಣಗುವುದು, ಮಲಬದ್ಧತೆ, ಬೆಳಗಿನ ಮಂಪರು ಇದರ ತೊಂದರೆಗಳು. ಮಲಗುವುದಕ್ಕೆ ಎರಡು ತಾಸು ಮುಂಚೆ ತೆಗೆದುಕೊಂಡರೆ ಮಂಪರು ಕಡಿಮೆ. ಬೆಳಗಿನ ಜಾವ ಟ್ಯಾಕ್ಸಿ, ರಿಕ್ಷಾ ತೆಗೆಯುವವರು ಮೊದಲ ಮಾತ್ರೆಯನ್ನು ರಜೆಯ ಹಿಂದಿನ ರಾತ್ರಿ ನುಂಗುವುದು ಒಳ್ಳೆಯದು. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಮೊದಲು ಇಸಿಜಿ. ಪ್ರೊಪ್ರಾನೊಲಾಲ್ ಅಸ್ತಮಾ ಇದ್ದವರಿಗೆ ಸಲ್ಲದು. ಮಧುಮೇಹಿಗಳಲ್ಲಿ ಸಕ್ಕರೆ ಕುಸಿದಾಗ ಬರುವ ಎದೆಬಡಿತದ ಎಚ್ಚರಿಕೆಯನ್ನೇ ಅದು ಮುಚ್ಚಿಬಿಡುತ್ತದೆ. ಟೊಪಿರಾಮೇಟ್ ಮೈಗ್ರೇನಿಗೆ ಚೆನ್ನಾಗಿ ಪರೀಕ್ಷಿತವಾದ ಔಷಧಿ, ಆದರೆ ಪದ ಸಿಗದೆ ತಡವರಿಸುವುದು, ಗಮನ ಕುಂದುವುದು ಅದರ ಅಡ್ಡಪರಿಣಾಮ. ತಲೆಪೆಟ್ಟಿನಿಂದ ಆಗಲೇ ನೆನಪು ಮಸುಕಾದವರಿಗೆ ಇದು ದುಪ್ಪಟ್ಟು ಹೊರೆ. ಅದು ಬೆವರನ್ನೂ ತಗ್ಗಿಸುತ್ತದೆ, ಮೂತ್ರಪಿಂಡದ ಕಲ್ಲಿಗೂ ಕಾರಣವಾಗುತ್ತದೆ. ಮೇ ತಿಂಗಳ ಸೆಕೆಯಲ್ಲಿ ಒಲೆ, ತಂದೂರಿನ ಮುಂದೆ ನಿಲ್ಲುವವರಿಗೆ ಬರೆಯುವಾಗ ಅವರ ಕೆಲಸ ಏನೆಂದು ಕೇಳಿಯೇ ಬರೆಯಬೇಕು. ಗರ್ಭ ಧರಿಸುವ ಸಾಧ್ಯತೆ ಇರುವ ಹೆಂಗಸರಿಗೆ ಟೊಪಿರಾಮೇಟ್, ವಾಲ್‌ಪ್ರೊಯೇಟ್ ಎರಡೂ ಮಗುವಿಗೆ ಅಪಾಯ. ಫ್ಲುನಾರಿಜಿನ್ ತೂಕ ಏರಿಸುತ್ತದೆ, ಮನಸ್ಸನ್ನು ಕುಗ್ಗಿಸಬಹುದು, ಮುದುಕರಲ್ಲಿ ಕೈ ನಡುಕ ತರಬಹುದು.

ಸರಿಯಾದ ಪ್ರಮಾಣ ಮುಟ್ಟಿದ ಮೇಲೆ 8ರಿಂದ 12 ವಾರ ಕಾಯಬೇಕು. ಹೆಚ್ಚಿನ ಪರೀಕ್ಷೆಗಳು ಕೆಡುವುದು ಇಲ್ಲೇ. ಹತ್ತನೇ ದಿನಕ್ಕೆ ಗುಣವಿಲ್ಲ ಎಂದು ಬಿಟ್ಟರೆ ಆ ಔಷಧಿ ಸೋತಿತೆಂದಲ್ಲ, ಪರೀಕ್ಷೆಯೇ ಆಗಲಿಲ್ಲ ಎಂದರ್ಥ. ಹಾಗೆ ಬಿಟ್ಟ ನಾಲ್ಕು ಔಷಧಿಗಳ ಪಟ್ಟಿ ಹಿಡಿದು ಬಂದವರಿಗೆ ಯಾವುದೂ ಹಿಡಿಸುವುದಿಲ್ಲ ಎಂದು ಬರೆದುಬಿಡುವುದು ಅನ್ಯಾಯ. ಕೊನೆಯ ನಾಲ್ಕು ವಾರವನ್ನು ಮೊದಲ ನಾಲ್ಕು ವಾರದ ಪಕ್ಕಕ್ಕಿಟ್ಟು ನೋಡಿ. 20 ದಿನ ಇದ್ದದ್ದು 10ಕ್ಕೆ ಬಂದರೆ ಸಂಶಯವಿಲ್ಲದ ಗೆಲುವು. 13-14ಕ್ಕೆ ಬಂದು, ಕೆಲಸ ತಪ್ಪುವ ದಿನಗಳೂ ಇಳಿದಿದ್ದರೆ ಇಷ್ಟು ಹಳೆಯ ನೋವಿನಲ್ಲಿ ಅದನ್ನೂ ಉಳಿಸಿಕೊಳ್ಳಬೇಕಾದ ಲಾಭವೆಂದೇ ಎಣಿಸಬೇಕು. 18ರಲ್ಲೇ ನಿಂತರೆ ಇಳಿಸಿ, ನಿಲ್ಲಿಸಿ, ಬೇರೆಯದಕ್ಕೆ ಹೋಗಬೇಕು. ಹಳೆಯದರ ಮೇಲೆ ಹೊಸದನ್ನು ಪೇರಿಸಬಾರದು.

ಜಾತ್ರೆಗೋ ಗಣೇಶ ಚೌತಿಗೋ ಊರಿಗೆ ಹೋಗುವಾಗ ಮಾತ್ರೆ ಸಾಲುವಷ್ಟು ಕಟ್ಟಿಕೊಳ್ಳಿ. ಪ್ರೊಪ್ರಾನೊಲಾಲ್ ದಿಢೀರ್ ನಿಂತರೆ ಹೃದಯಕ್ಕೆ ಅಪಾಯ.

ಮಾತ್ರೆಯಲ್ಲದ ಚಿಕಿತ್ಸೆಯನ್ನೂ ಇದೇ ಅಳತೆಗೋಲಿನಲ್ಲಿ ಅಳೆಯಬಹುದು. 2022ರಲ್ಲಿ ಪ್ರಕಟವಾದ, ಅಮೆರಿಕದ 193 ಮಾಜಿ ಸೈನಿಕರ ಪರೀಕ್ಷೆಯಲ್ಲಿ ತಲೆನೋವಿಗೆಂದೇ ರೂಪಿಸಿದ 8 ಭೇಟಿಗಳ ವರ್ತನಾ ಚಿಕಿತ್ಸೆ, ನೋವಿನಿಂದ ಬದುಕಿಗಾಗುವ ಅಡಚಣೆಯನ್ನು ಮಾಮೂಲಿ ಚಿಕಿತ್ಸೆಗಿಂತ ಹೆಚ್ಚು ತಗ್ಗಿಸಿತು. ನಮ್ಮ ಕಡೆ ಇದನ್ನು ಕನ್ನಡದಲ್ಲಿ ನಡೆಸುವವರು ಸಿಗುವುದು ಕಷ್ಟ. ಅದು ತುಂಬಬೇಕಾದ ಕೊರತೆ.

ಯಾರಾದರೂ ಟ್ರಯಲ್‌ಗೆ ಸೇರಿ ಎಂದರೆ

ಭಾರತದಲ್ಲಿ ಔಷಧ ಪರೀಕ್ಷೆಗಳು ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು, 2019ರ ಅಡಿ ನಡೆಯುತ್ತವೆ. ಮೊದಲ ರೋಗಿ ಸೇರುವ ಮುನ್ನ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಪರೀಕ್ಷೆ ದಾಖಲಾಗಿರಬೇಕು, 2009ರಿಂದ ಇದು ಕಡ್ಡಾಯ. ಆ ಸಂಖ್ಯೆ ಕೇಳಿ ಪಡೆದು ಜಾಲತಾಣದಲ್ಲಿ ಯಾರಾದರೂ ನೋಡಬಹುದು. ಸಂಖ್ಯೆ ಕೊಡಲಾಗದವರ ಪರೀಕ್ಷೆಗೆ ಸೇರಬೇಡಿ.

ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬುದು ನಿಯಮ. ಮುಂಬಯಿ, ಪುಣೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಪ್ರತಿಗಳನ್ನು ಮುಂದಿಡುವುದು ರೂಢಿ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಹಟವಲ್ಲ, ಹಕ್ಕು. ಓದಲು ಬಾರದವರಿಗೆ ಪರೀಕ್ಷೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಇರಬೇಕು. ವಾರ್ಡಿನಲ್ಲಿ ಸಿಕ್ಕ ಸಹೋದ್ಯೋಗಿ ಹಿಂದಿಯಿಂದ ಅಂದಾಜಿಗೆ ಹೇಳಿದರೆ ಸಾಲದು. ನೋವಿನ ಡೈರಿಗೂ ಇದೇ ಮಾತು. ಈ ಕಾಯಿಲೆಯಲ್ಲಿ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿನಲ್ಲಿ ನೋವು ಕಾಣದು, ರೋಗಿ ಬರೆದದ್ದೇ ಫಲಿತಾಂಶ. ಪ್ರಶ್ನೆ ಸರಿಯಾಗಿ ಅರ್ಥವಾಗದೆ ತುಂಬಿದ ಡೈರಿ ಒಳ್ಳೆಯ ಔಷಧಿಯನ್ನೂ ಸೋಲಿಸುತ್ತದೆ.

ಸೇರುವಾಗ ಕೇಳಬೇಕಾದ ಇನ್ನಷ್ಟಿದೆ. ಹುಸಿಮಾತ್ರೆ ಬರುವ ಸಾಧ್ಯತೆ ಎಷ್ಟು, ಅದರ ಮೇಲಿದ್ದಾಗ ತಡೆಯಲಾಗದ ನೋವಿಗೆ ಏನು ಕೊಡುತ್ತೀರಿ, ಈಗ ತೆಗೆದುಕೊಳ್ಳುವ ಯಾವ ಔಷಧಿ ನಿಲ್ಲಿಸಬೇಕು, ಬರುವ ಹೋಗುವ ಖರ್ಚು ಯಾರದು, ಕಳೆದ ಕೂಲಿಗೆ ಏನು. ಯಾವ ಕ್ಷಣದಲ್ಲೂ ಬಿಟ್ಟು ಬರಬಹುದು, ಬಿಟ್ಟದ್ದಕ್ಕೆ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ. ಬಿಡುವುದಾದರೂ ಒಂದು ಫೋನ್ ಮಾಡಿ ಹೇಳಿ, ಏಕೆ ಬಿಟ್ಟಿರೆಂಬುದೂ ಫಲಿತಾಂಶದ ಭಾಗ. ತಲೆಸುತ್ತಿಗೆ ಹೆದರಿ ಬಿಟ್ಟವರನ್ನು ಲೆಕ್ಕದಿಂದ ಕೈಬಿಟ್ಟರೆ ಔಷಧಿ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ.

ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆ ಉಚಿತ. ಗಂಭೀರ ಘಟನೆಯನ್ನು ಸಂಶೋಧಕ ವೈದ್ಯರು 24 ತಾಸಿನೊಳಗೆ ಔಷಧ ನಿಯಂತ್ರಕರಿಗೂ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಗೂ ತಿಳಿಸಬೇಕು. ಸಾವಿನ ಪರಿಹಾರದ ಸೂತ್ರದಲ್ಲಿ ಮೂಲ ಮೊತ್ತ 8 ಲಕ್ಷ ರೂಪಾಯಿ, ವಯಸ್ಸು ಮತ್ತು ಕಾಯಿಲೆಯ ಅಪಾಯದ ಮಟ್ಟ ನೋಡಿ ಅದು ಬದಲಾಗುತ್ತದೆ. ಲಭ್ಯವಿದ್ದ ಮಾಮೂಲಿ ಚಿಕಿತ್ಸೆ ಕೊಡದೆ ಹುಸಿಮಾತ್ರೆ ಕೊಟ್ಟದ್ದರಿಂದ ಆದ ಹಾನಿಯೂ ಪರಿಹಾರಕ್ಕೆ ಅರ್ಹ. ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಒಪ್ಪಿಗೆ ಪತ್ರದ ನಿಮ್ಮ ಪ್ರತಿಯಲ್ಲಿರುತ್ತದೆ, ಆ ಪ್ರತಿ ಪಡೆಯದೆ ಸಹಿ ಹಾಕಿ ಎದ್ದು ಬರಬಾರದು.

ಇನ್ನೊಂದು ಪ್ರಶ್ನೆಯನ್ನು ಸಹಿಗೆ ಮುಂಚೆಯೇ ಕೇಳಿ: ಔಷಧಿ ನನಗೆ ಹಿಡಿಸಿದರೆ ಪರೀಕ್ಷೆ ಮುಗಿದ ಮೇಲೆ ಯಾರು ಕೊಡುತ್ತಾರೆ? ಬೇರೆ ಚಿಕಿತ್ಸೆ ಇಲ್ಲದ ಕಾಯಿಲೆಯಲ್ಲಿ, ಸಂಶೋಧಕರ ಶಿಫಾರಸು ಮತ್ತು ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದ್ದರೆ ಪ್ರಾಯೋಜಕರು ಅದನ್ನು ಉಚಿತವಾಗಿ ಮುಂದುವರಿಸಲು 2019ರ ನಿಯಮಗಳಲ್ಲಿ ಅವಕಾಶವಿದೆ. ಕಡ ತಂದ ಮಾತ್ರೆಗಳಿವೆ, ತನ್ನದೇ ಔಷಧಿಯಿಲ್ಲ ಎಂಬ ಸ್ಥಿತಿಯ ಈ ತಲೆನೋವು ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬುದನ್ನು ಪ್ರತಿ ಪರೀಕ್ಷೆಯ ಕಮಿಟಿಯೂ ಮೊದಲೇ ತೀರ್ಮಾನಿಸಿ ಬರವಣಿಗೆಯಲ್ಲಿ ಕೊಡಬೇಕು.